ಒಂಬತ್ತನೇ ಸೀಸೆಯ ಹುಳ

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಹಕ್ಕಿಯಿಲ್ಲದೆ ಹಕ್ಕಿಯ ಹೊಟ್ಟೆಯನ್ನು ನಡೆಸುತ್ತೇವೆ. ದೊಡ್ಡ ಟ್ರಂಕಿನಷ್ಟಿರುವ ಒಂದು ನೀರಿನ ತೊಟ್ಟಿ. ಅದು ಸದಾ ನಲವತ್ತು ಡಿಗ್ರಿಯಲ್ಲಿ ಬೆಚ್ಚಗಿರಬೇಕು. ಅದರಲ್ಲಿ ಹದಿನಾರು ಸೀಸೆ, ಸೀಸೆಯೊಳಗೆ ತೆಳ್ಳನೆಯ ಪೊರೆಯ ಚೀಲ, ಚೀಲದೊಳಗೆ ಹುಳ. ಮೇಲೆ ಕಪ್ಪು ಬಟ್ಟೆ. ಕೆಳಗಿನ ಮೋಟಾರು ತೊಟ್ಟಿಯನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಿರುತ್ತದೆ. ತಾನು ಬಾತುಕೋಳಿಯದೋ ಕೊಕ್ಕರೆಯದೋ ಹೊಟ್ಟೆಯಲ್ಲಿದ್ದೇನೆ ಎಂದು ಹುಳ ನಂಬಬೇಕು. ನಂಬಿದರೆ ಒಂದು ವಾರ ಮೊಟ್ಟೆಯಿಟ್ಟು ಸಾಯುತ್ತದೆ. ನಂಬದಿದ್ದರೆ ಸುಮ್ಮನೆ ಸಾಯುತ್ತದೆ.

ಲಾಡಿಹುಳ ಅದು. ಮೀನಿನ ಹೊಟ್ಟೆಯಲ್ಲಿ ಬೆಳೆದು, ಆ ಮೀನನ್ನು ಹಕ್ಕಿ ನುಂಗಿದ ಮೇಲೆ ಪ್ರಾಯಕ್ಕೆ ಬರುತ್ತದೆ. ನಮ್ಮಲ್ಲಿ ಮೀನುಗಳನ್ನು ನೋಡಿಕೊಳ್ಳುವವನಿಗೆ ಉದ್ದ ಕಾಲು, ಉದ್ದ ಕತ್ತು. ಎಲ್ಲರೂ ಅವನನ್ನು ಕೊಕ್ಕರೆ ಎಂದೇ ಕರೆಯುತ್ತಾರೆ. ಅವನು ಮೀನು ಕೊಯ್ದು ಹುಳ ತೆಗೆದುಕೊಡುತ್ತಾನೆ. ಮೇಡಂ ತೂಗಿ ಸೀಸೆಗೆ ಹಾಕುತ್ತಾರೆ. ಕಾವು ನೋಡುವುದು, ಮೊಟ್ಟೆ ಸೋಸುವುದು, ಗಾಜು ತೊಳೆಯುವುದು ನನ್ನ ಪಾಲು. ಹನ್ನೆರಡು ವರ್ಷದಿಂದ ಅದೇ ಕೆಲಸ.

ಈ ಸಲದ ಪ್ರಯೋಗ ಶುರುವಾದ ದಿನ ಮೇಡಂ ನಮ್ಮಿಬ್ಬರನ್ನೂ ಕರೆದು ಹೇಳಿದರು. ಒಂದರಿಂದ ಎಂಟರ ತನಕದ ಸೀಸೆಗಳಲ್ಲಿ ಜೋಡಿ ಹುಳ, ಒಂಬತ್ತರಿಂದ ಹದಿನಾರರ ತನಕ ಒಂಟಿ ಹುಳ. ಜೋಡಿಯ ಎರಡೂ ಬೇರೆ ಬೇರೆ ಮೀನಿನವು.

"ಒಂಟಿ ಇದ್ದದ್ದು ಮೊಟ್ಟೆ ಹೇಗಿಡುತ್ತೆ ಮೇಡಂ?" ಎಂದು ಕೇಳಿದೆ.

"ಇದರಲ್ಲಿ ಗಂಡು ಬೇರೆ ಹೆಣ್ಣು ಬೇರೆ ಅಂತಿಲ್ಲ. ಒಂದೊಂದು ಹುಳವೂ ಎರಡೂ ಹೌದು. ಜೊತೆ ಸಿಕ್ಕರೆ ಕೂಡುತ್ತೆ. ಸಿಗದಿದ್ರೆ ತನಗೆ ತಾನೇ."

"ಅಂದ್ರೆ ಮಕ್ಕಳಿಗೆ ಅಪ್ಪನೂ ಅದೇ, ಅಮ್ಮನೂ ಅದೇ?"

"ಬೀಗರ ಕಾಟವೇ ಇಲ್ಲ ಬಿಡಿ ಅಕ್ಕ" ಎಂದ ಕೊಕ್ಕರೆ.

ಮೇಡಂ ನಗಲಿಲ್ಲ. ಅವರು ನನ್ನ ಮಗಳಿಗಿಂತ ಆರೇಳು ವರ್ಷ ದೊಡ್ಡವರಿರಬಹುದು, ಕಲಿಸುವ ಹಂಬಲ ಜಾಸ್ತಿ. "ನೋಡಿ, ನಮ್ಮ ಮೈಯಲ್ಲಿ ಪ್ರತಿಯೊಂದಕ್ಕೂ ಎರಡು ಪ್ರತಿ ಇರ್ತವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ. ಎರಡೂ ಒಂದೇ ಮೂಲದಿಂದ ಬಂದ್ರೆ ಕೆಟ್ಟದ್ದಕ್ಕೆ ಕೆಟ್ಟದ್ದೇ ಜೊತೆಯಾಗೋ ಸಂಭವ ಹೆಚ್ಚು. ಎಷ್ಟು ಹೆಚ್ಚು ಅಂತ ಈ ಮೊಟ್ಟೆಗಳು ಹೇಳಬೇಕು."

ಆ ಮಾತನ್ನು ನಾನು ಮೊದಲ ಸಲ ಕೇಳುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಆಸ್ಪತ್ರೆಯ ಡಾಕ್ಟರೊಬ್ಬರು ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಆಗ ನನ್ನ ಮೊದಲ ಮಗು ಹುಟ್ಟಿ ಹನ್ನೊಂದು ದಿನಕ್ಕೆ ಹೋಗಿಬಿಟ್ಟಿತ್ತು. ಮನೆಯವರು ಕಾಗದಕ್ಕೆ ಸಹಿ ಮಾಡಿಸಲು ಕೆಳಗೆ ಹೋಗಿದ್ದರು. ಡಾಕ್ಟರು ಮಂಚದ ಪಕ್ಕ ಕೂತು, "ಇದು ಜ್ವರ ಅಲ್ಲಮ್ಮ, ರಕ್ತದಲ್ಲೇ ಇದ್ದದ್ದು. ಎರಡೂ ಕಡೆಯಿಂದ ಬಂದಾಗ ಹೀಗಾಗುತ್ತೆ. ನಿಮ್ಮದು ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದರು.

ನಾನು ಇಲ್ಲ ಎಂದೆ.

ನನ್ನ ಗಂಡ ನನ್ನ ಸೋದರತ್ತೆಯ ಮಗ. ಅಂಗಳದಲ್ಲಿ ಒಟ್ಟಿಗೆ ಆಡಿ ಬೆಳೆದವರು ನಾವು. ಹೌದು ಎಂದರೆ ನನ್ನತ್ತೆಗೆ ಗೊತ್ತಾಗುತ್ತದೆ, ನನ್ನಪ್ಪನಿಗೆ ಗೊತ್ತಾಗುತ್ತದೆ, ಅಣ್ಣ ತಂಗಿ ಸೇರಿ ಮಾಡಿದ ಮದುವೆಗೆ ಅವರಿಬ್ಬರೂ ಎದೆ ಬಡಿದುಕೊಳ್ಳುತ್ತಾರೆ ಎಂದು ಹೆದರಿದೆನೋ, ಅಥವಾ ಬರೀ ಸಾಕಾಗಿತ್ತೋ, ಈಗಲೂ ಸರಿಯಾಗಿ ಹೇಳಲಾರೆ. ಡಾಕ್ಟರು "ಇಲ್ಲ" ಎಂದು ಬರೆದುಕೊಂಡು ಹೋದರು. ಮನೆಯಲ್ಲಿ ಜ್ವರ ಎಂದೇ ಉಳಿಯಿತು. ಎರಡು ವರ್ಷಕ್ಕೆ ಮಗಳು ಹುಟ್ಟಿದಳು, ಗುಂಡುಕಲ್ಲಿನ ಹಾಗೆ ಬೆಳೆದಳು. ನಾನು ಬಾಯಿ ಬಿಡಬೇಕಾದ ಸಂದರ್ಭವೇ ಬರಲಿಲ್ಲ.

ಈಗ ಬಂದಿತ್ತು. ಮಗಳು ನನ್ನಣ್ಣನ ಮಗನನ್ನು ಮದುವೆಯಾಗುತ್ತೇನೆಂದು ಕೂತಿದ್ದಳು. ಯಾರೂ ಹೇಳಿ ಮಾಡಿಸುತ್ತಿದ್ದ ಸಂಬಂಧವಲ್ಲ. ಇಬ್ಬರೂ ತಾವಾಗಿಯೇ ಮೆಚ್ಚಿಕೊಂಡಿದ್ದರು. ಹುಡುಗ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾನೆ, ಬಂಗಾರದಂಥವನು, ನನ್ನ ಕೈತುತ್ತು ತಿಂದು ಬೆಳೆದವನು. ನಾನು ಹೂಂ ಎಂದರೆ ಮುಗಿಯಿತು. ನಾನು ಮೂರು ವಾರದಿಂದ "ನೋಡೋಣ" ಎನ್ನುತ್ತಿದ್ದೆ.

"ಇಷ್ಟು ವರ್ಷ ಲಿಫ್ಟು ರಿಪೇರಿ ಮಾಡಿದೀನಿ" ಎಂದರು ಮನೆಯವರು, ಅವರ ಕಸುಬೇ ಅದು. "ಮೇಲೂ ಹೋಗದೆ ಕೆಳಗೂ ಇಳಿಯದೆ ನಿಂತದ್ದನ್ನ ಎಷ್ಟೋ ನೋಡಿದೀನಿ. ನಿನ್ನಂಥದ್ದು ಮಾತ್ರ ನೋಡಿಲ್ಲ ಕಣೆ. ಹುಡುಗನಲ್ಲಿ ಏನು ಕೊರತೆ?"

"ಕೊರತೆ ಏನಿಲ್ಲ."

"ಮತ್ತೆ?"

ಒಲೆಯ ಮೇಲಿನ ಪಾತ್ರೆ ಇಳಿಸಿದೆ.

ಪ್ರಯೋಗ ಶುರುವಾದ ದಿನವೇ ಮೇಡಂ ಎಂಟು ದಿನದ ಸಭೆಗೆಂದು ಬೇರೆ ಊರಿಗೆ ಹೋದರು. ಎರಡನೇ ದಿನ ಬೆಳಿಗ್ಗೆ ಕಪ್ಪು ಬಟ್ಟೆ ಸರಿಸಿ ನೋಡಿದರೆ ಹನ್ನೆರಡನೇ ಸೀಸೆಯ ಚೀಲ ಹರಿದಿತ್ತು. ಹುಳ ಸೀಸೆಯ ತಳಕ್ಕೆ ಬಿದ್ದು, ಅತ್ತ ಒಮ್ಮೆ ಇತ್ತ ಒಮ್ಮೆ ಸುರುಳಿ ಸುತ್ತುತ್ತಿತ್ತು. ಚೀಲ ಹರಿದರೆ ಹುಳವನ್ನು ಸ್ಪಿರಿಟ್ಟಿಗೆ ಹಾಕಿ ಪುಸ್ತಕದಲ್ಲಿ ಬರೆಯಬೇಕು ಎಂಬುದು ನಿಯಮ. ಸ್ಪಿರಿಟ್ಟಿನ ಬಾಟಲಿ ತೆಗೆದೆ, ಮುಚ್ಚಳ ಬಿಚ್ಚಿದೆ. ಇಕ್ಕಳದ ತುದಿಯಲ್ಲಿ ಅದು ಬಿಳಿ ರಿಬ್ಬನ್ನಿನ ಚೂರಿನಂತೆ ಮಿಸುಕಾಡಿತು.

ಹುಳಕ್ಕೆ ಮರುಗುವವಳಲ್ಲ ನಾನು. ಹನ್ನೆರಡು ವರ್ಷದಲ್ಲಿ ಎಷ್ಟು ಸಾವಿರ ಹುಳಗಳನ್ನು ಸ್ಪಿರಿಟ್ಟಿಗೆ ಹಾಕಿದ್ದೇನೋ. ಆ ದಿನ ಕೈ ಬರಲಿಲ್ಲ. ಚೀಟಿ ನೋಡಿದೆ: ನಾಲ್ಕನೇ ಮೀನು. ಒಂಬತ್ತನೇ ಸೀಸೆಯದೂ ನಾಲ್ಕನೇ ಮೀನಿನದೇ. ಒಂದೇ ಹೊಟ್ಟೆಯಲ್ಲಿ ಬೆಳೆದವು, ಹೊಂದಿಕೊಂಡು ಹೋಗುತ್ತವೆ ಎಂದುಕೊಂಡೆ. ಇದು ಒಂಟಿಗಳ ಸೀಸೆ ಎಂಬುದು ಮರೆತಿರಲಿಲ್ಲ. ಆದರೆ ಒಡಹುಟ್ಟಿದವುಗಳ ನಡುವೆ ಏನು ನಡೆದೀತು? ಅಕ್ಕಪಕ್ಕ ಇದ್ದರೂ ಒಂಟಿಯಾಗಿಯೇ ಇರುತ್ತವೆ. ಮನುಷ್ಯರ ಮನೆಯ ಮರ್ಯಾದೆಯನ್ನು ಲಾಡಿಹುಳಕ್ಕೂ ಹಂಚಿ, ಹನ್ನೆರಡನೆಯದನ್ನು ಒಂಬತ್ತನೆಯದರ ಚೀಲಕ್ಕೆ ಹಾಕಿ ದಾರ ಬಿಗಿದೆ.

ವಾರ ಮುಗಿದಾಗ ಎರಡನ್ನೂ ತೆಗೆದು ಬೇರೆ ಬೇರೆ ಸ್ಪಿರಿಟ್ಟಿಗೆ ಹಾಕಿದೆ. ಒಂಬತ್ತನೇ ಸೀಸೆಯ ಮೊಟ್ಟೆಗಳನ್ನು ಒಂಬತ್ತೆಂದೇ ಸೋಸಿದೆ. ಪುಸ್ತಕದಲ್ಲಿ "ಹನ್ನೆರಡು: ಚೀಲ ಹರಿಯಿತು, ಹುಳ ಸ್ಪಿರಿಟ್ಟಿಗೆ" ಎಂದು ಬರೆದೆ. ಬರೆದದ್ದು ಸುಳ್ಳೇನಲ್ಲ. ಐದು ದಿನ ತಡವಾಗಿ ನಿಜವಾಯಿತು, ಅಷ್ಟೆ.

ಮೇಡಂ ಬಂದು ಮೊಟ್ಟೆಗಳನ್ನು ತಟ್ಟೆಗಳಿಗೆ ಹಂಚಿದರು. ತಟ್ಟೆಗಳ ಮೇಲೆ ಸೀಸೆಯ ಸಂಖ್ಯೆ ಇರುವುದಿಲ್ಲ, ಬರೀ ಅಕ್ಷರ. ಯಾವ ಅಕ್ಷರ ಯಾವ ಸೀಸೆ ಎಂಬ ಪಟ್ಟಿ ಅವರ ಮೇಜಿನ ಖಾನೆಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ಗೊತ್ತಿದ್ದು ಎಣಿಸಿದರೆ ಕಣ್ಣು ಪಕ್ಷಪಾತ ಮಾಡುತ್ತದಂತೆ. ಮೂರು ವಾರ ಮೊಟ್ಟೆಗಳು ಕತ್ತಲಲ್ಲಿರಬೇಕು. ಆಮೇಲೆ ಬೆಳಕಿಗೆ ತಂದರೆ ಒಡೆಯುತ್ತವೆ.

ಆ ಮೂರು ವಾರವೂ ನಾನು ಮನೆಯಲ್ಲಿ "ನೋಡೋಣ" ಎಂದೆ. ಹುಳಗಳು ಏನು ಹೇಳುತ್ತವೋ ನೋಡೋಣ ಎಂಬುದು ಅದರ ಅರ್ಥ ಎಂದು ಯಾರಿಗೂ ಹೇಳಲಿಲ್ಲ, ನನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಬಟ್ಟೆ ಒಗೆಯುವಾಗ ಒಮ್ಮೆ, ಇದೆಂಥ ಹುಚ್ಚು, ತನಗೆ ತಾನೇ ಮದುವೆಯಾಗುವ ಹುಳ ಎಲ್ಲಿ, ಅತ್ತೆಯ ಮಗಳು ಮಾವನ ಮಗ ಎಲ್ಲಿ ಎನಿಸುತ್ತಿತ್ತು. ಹಿಂಡಿ ಒಣಹಾಕುವ ಹೊತ್ತಿಗೆ, ಹುಳವಾದರೇನು ಮನುಷ್ಯನಾದರೇನು, ಎರಡು ಪ್ರತಿ ಎರಡು ಪ್ರತಿಯೇ ಎನಿಸುತ್ತಿತ್ತು.

ಒಂದು ಮಂಗಳವಾರ ಎಣಿಕೆ ಮುಗಿದು ಪಟ್ಟಿ ಹೊರಗೆ ಬಂತು. ಜೋಡಿಗಳ ಮೊಟ್ಟೆಯಲ್ಲಿ ನೂರಕ್ಕೆ ಅರವತ್ತರ ಆಸುಪಾಸು ಒಡೆದಿದ್ದವು. ಒಂಟಿಗಳದು ಇಪ್ಪತ್ತು, ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು. ಇನ್ನು ಮಗಳಿಗೆ ಊಹೂಂ ಎನ್ನಬೇಕು ಎಂದುಕೊಂಡೆ. ಅಷ್ಟರಲ್ಲಿ ಮೇಡಂ, "ಅರೆ, ಇದೇನಿದು?" ಎಂದರು. ಒಂದು ಒಂಟಿಯ ತಟ್ಟೆಯಲ್ಲಿ ಐವತ್ತೆಂಟು.

ಮತ್ತೆ ಎಣಿಸಿದರು. ಕೊಕ್ಕರೆಯ ಕೈಯಲ್ಲೂ ಎಣಿಕೆ ಮಾಡಿಸಿದರು. ಐವತ್ತೆಂಟೇ. ಅದು ಯಾವ ಸೀಸೆಯದೆಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಮೇಡಂ ಕುರ್ಚಿಯಲ್ಲಿ ಕೂತವರು ಎದ್ದು, ಎದ್ದವರು ಕೂತು, ಕೊನೆಗೆ ಹೇಳಿದರು: "ಇದಕ್ಕೆ ಒಂದೇ ಕಾರಣ ಇರೋಕೆ ಸಾಧ್ಯ. ಇದರ ಅಜ್ಜ ಮುತ್ತಜ್ಜಂದಿರೂ ಒಂಟಿಯಾಗಿಯೇ ಮೊಟ್ಟೆ ಇಟ್ಟಿರಬೇಕು. ತಲೆತಲಾಂತರ ಹೀಗೇ ನಡೆದ್ರೆ ಕೆಟ್ಟದ್ದು ಇದ್ದವು ಸತ್ತು ಸತ್ತು, ಆ ವಂಶದಿಂದ ಕೆಟ್ಟದ್ದೇ ತೊಳೆದುಹೋಗುತ್ತೆ. ಉಳಿದವು ಗಟ್ಟಿ. ಅವಕ್ಕೆ ಒಳಗೊಳಗೇ ಕೂಡಿದ್ರೂ ನಷ್ಟವಿಲ್ಲ."

"ತೊಳೆದುಹೋಗುತ್ತಾ?"

"ಹೋಗಬಹುದು."

"ಬಹುದು" ಎಂಬುದು ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಮನೆಯಲ್ಲೂ ತಲೆತಲಾಂತರ ಅತ್ತೆ ಮಾವನ ಮಕ್ಕಳೇ ಮದುವೆಯಾದದ್ದು. ತೊಳೆಯುವುದು ನನ್ನ ಹನ್ನೊಂದು ದಿನದ ಕೂಸಿನ ಜೊತೆಗೇ ಮುಗಿದಿರಬೇಕು ಎಂದು ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದೆ. ಎಂಥ ಯೋಚನೆ ಅದು! ಆದರೂ ಹಗುರವಾಯಿತು. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೂಂ ಎಂದೆ.

ಮಗಳು ನನ್ನನ್ನು ಎತ್ತಿಯೇ ಬಿಟ್ಟಳು. ಮನೆಯವರು, "ಲಿಫ್ಟು ಹೊರಟಿತು!" ಎಂದು ಕೂಗಿದರು. ಅಣ್ಣ ಅತ್ತಿಗೆ ಫೋನಿನಲ್ಲಿ ಒಬ್ಬರ ಕೈಯಿಂದೊಬ್ಬರು ಕಿತ್ತುಕೊಂಡು ಮಾತಾಡಿದರು. ಬುಧವಾರ, ಗುರುವಾರ ಹಾಗೇ ಕಳೆದವು.

ಶುಕ್ರವಾರ ಮೇಡಂ, "ಸ್ಪಿರಿಟ್ಟಿನಲ್ಲಿರೋ ಒಂಬತ್ತನೇ ನಂಬರಿನ ಹುಳ ತನ್ನಿ, ಅದರ ಪರೀಕ್ಷೆ ಮಾಡಿಸ್ತೀನಿ" ಎಂದರು.

"ಒಂಬತ್ತು ಯಾಕೆ ಮೇಡಂ?"

"ಅದೇ ಅಲ್ವಾ ನಮ್ಮ ಗಟ್ಟಿ ಹುಳ."

ನಾನು ಕಪಾಟಿನ ಮುಂದೆ ನಿಂತೆ. ಒಂಬತ್ತರ ಬಾಟಲಿ ತೆಗೆದೆ. ಪಕ್ಕದಲ್ಲಿ ಹನ್ನೆರಡರದು. ಅದನ್ನೂ ತೆಗೆದೆ. ಮತ್ತೆ ಇಟ್ಟೆ. ಮತ್ತೆ ತೆಗೆದೆ. ಯಾವುದು ಒಂಬತ್ತು, ಯಾವುದು ಹನ್ನೆರಡು ಎಂದು ತೆಗೆಯುವ ದಿನ ನನಗೇ ಗೊತ್ತಾಗಿರಲಿಲ್ಲ, ಅಂದಾಜಿನ ಮೇಲೆ ಹಾಕಿದ್ದೆ. ಹೇಳದಿದ್ದರೆ ಏನಾಗುತ್ತದೆ? ಮೇಡಂ ಒಂದು ಹುಳದ ಪರೀಕ್ಷೆ ಮಾಡಿಸುತ್ತಾರೆ, ತಲೆ ಕೆಡಿಸಿಕೊಳ್ಳುತ್ತಾರೆ. ಮಗಳ ಮದುವೆ ನಡೆಯುತ್ತದೆ. ಹೇಳಿದರೆ? ಗಟ್ಟಿ ಹುಳ ಎಂಬುದೇ ಇಲ್ಲವಾಗುತ್ತದೆ. ಮಂಗಳವಾರ ನಾನು ಹೇಳಿದ ಹೂಂ ಯಾವುದರ ಮೇಲೆ ನಿಂತಿದೆ ಹಾಗಾದರೆ?

ಎರಡೂ ಬಾಟಲಿ ಅವರ ಮೇಜಿನ ಮೇಲಿಟ್ಟು ಹೇಳಿದೆ.

ಮೇಡಂ ಪುಸ್ತಕ ಎಳೆದುಕೊಂಡು ಹನ್ನೆರಡರ ಸಾಲು ಹುಡುಕಿದರು. ಆಮೇಲೆ, "ಯಾವ ದಿನ?" ಎಂದರು. "ಎಷ್ಟು ಗಂಟೆಗೆ?" ಎಂದರು. ಬರೆದುಕೊಂಡರು. ಒಂಬತ್ತರ ಸಾಲಿನ ಮೇಲೆ ಅಡ್ಡಗೀಟು ಎಳೆದರು. "ಮೂರು ದಿನದಿಂದ ಕಂಡಕಂಡವರಿಗೆಲ್ಲ ಈ ಹುಳದ ವಿಷಯ ಬರೆದಿದೀನಿ. ಎಲ್ಲರಿಗೂ ಈಗ ಇಲ್ಲ ಅಂತ ಬರೀಬೇಕು. ನಿಮಗೆ ಗೊತ್ತಾ, ನಿಮ್ಮ ಪುಸ್ತಕವನ್ನ ನಾನು ಒಂದು ದಿನಾನೂ ತಿರುಗಿ ನೋಡ್ತಿರಲಿಲ್ಲ? ನೀವು ಬರೆದದ್ದು ಅಂದ್ರೆ ಮುಗೀತು ಅಂತಿದ್ದೆ."

ಬೈದಿದ್ದರೆ ವಾಸಿಯಿತ್ತು.

"ಒಡಹುಟ್ಟಿದವು ಅಲ್ವಾ ಅಂತ..." ಎಂದೆ.

"ಒಡಹುಟ್ಟಿದವು ಅಂತ ಯಾರು ಹೇಳಿದ್ದು?"

"ಒಂದೇ ಮೀನಿನ ಹೊಟ್ಟೆ..."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೊಕ್ಕರೆ, "ಅಕ್ಕಾ, ಒಂದೇ ಬಸ್ಸಲ್ಲಿ ಕೂತವರೆಲ್ಲ ಒಂದೇ ತಾಯಿ ಮಕ್ಕಳಾ? ಮೀನು ಇವತ್ತೊಂದು ಕಡೆ ತಿನ್ನುತ್ತೆ, ನಾಳೆ ಇನ್ನೊಂದು ಕಡೆ. ಹುಳ ಎಲ್ಲೆಲ್ಲಿಂದಲೋ ಬಂದು ಸೇರ್ಕೊಳ್ತವೆ" ಎಂದ.

ಹಾಗಾದರೆ ಅವು ಒಡಹುಟ್ಟಿದವೋ ಪರಕೀಯವೋ ಅದೂ ಗೊತ್ತಿಲ್ಲ. ಆ ಮರಿಗಳು ಸಂಬಂಧದೊಳಗಿನವೋ ಹೊರಗಿನವೋ ಅದೂ ಗೊತ್ತಿಲ್ಲ. ಎಣಿಸಿದ್ದು ಮಾತ್ರ ನಿಜ. ನನ್ನ ತಲೆ ಕಪ್ಪು ಬಟ್ಟೆಯ ಕೆಳಗಿನ ತೊಟ್ಟಿಯ ಹಾಗೆ ಅತ್ತಿತ್ತ ತೂಗಿತು.

"ಮೇಡಂ, ಮನುಷ್ಯರಲ್ಲಿ? ಹಿಂದಿನವರೂ ಸಂಬಂಧದಲ್ಲೇ ಆಗಿದ್ರೆ, ತೊಳೆದುಹೋಗಲ್ವಾ?"

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಯಾಕೆ ಕೇಳುತ್ತಿದ್ದೇನೆಂದು ತಿಳಿದುಹೋಯಿತೇನೋ. ದನಿ ಮೆತ್ತಗಾಯಿತು. "ನನಗೆ ಹುಳದ ವಿಷಯ ಗೊತ್ತು, ಅದೂ ಅರ್ಧ. ಮನೆಯ ವಿಷಯ ಹುಳವನ್ನ ಕೇಳಬೇಡಿ. ಅದಕ್ಕೆ ಅಂತಲೇ ಡಾಕ್ಟರಿದಾರೆ, ರಕ್ತ ನೋಡಿ ಹೇಳ್ತಾರೆ. ಆದ್ರೆ ಅವರಿಗೆ ನಡೆದದ್ದನ್ನ ನಡೆದ ಹಾಗೆ ಹೇಳಬೇಕು. ಇಲ್ಲದಿದ್ರೆ ಅವರೂ ನನ್ನ ಹಾಗೆಯೇ."

ಆ ಸಂಜೆ ಹುಡುಗ ನಮ್ಮ ಮನೆಯಲ್ಲೇ ಇದ್ದ. ಮಗಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಆಹ್ವಾನಪತ್ರದ ಒಕ್ಕಣೆ ಬರೆದು, ಅವನ ಕೈಯಲ್ಲಿ ಓದಿಸಿ, ಓದಿದ್ದಕ್ಕೆ ಬೈಯುತ್ತಿದ್ದಳು. ಮನೆಯವರು ಟೀ ಕುಡಿಯುತ್ತಿದ್ದರು. ನಾನು ಕೈಯೊರೆಸಿಕೊಂಡು ಬಂದು ಕೂತು, ಮಂಚದ ಪಕ್ಕ ಕೂತ ಡಾಕ್ಟರಿಂದ ಹಿಡಿದು "ಇಲ್ಲ" ಎಂದದ್ದರ ತನಕ ಎಲ್ಲ ಹೇಳಿದೆ.

ಮೊದಲು ಮಾತಾಡಿದವಳು ಮಗಳು. "ಜ್ವರ ಅಂದಿದ್ದೆ."

"ಹೂಂ."

"ಪುಸ್ತಕ ಅಚ್ಚಾಗಿ ಹೊಲಿಗೆ ಹಾಕೋ ಹೊತ್ತಿಗೆ ತಪ್ಪು ತೋರಿಸ್ತೀಯಲ್ಲಮ್ಮ! ಇಷ್ಟು ದಿನ ನೋಡೋಣ ನೋಡೋಣ ಅಂದಾಗ ಹೇಳಬಾರದಿತ್ತಾ? ಮಂಗಳವಾರ ಯಾಕೆ ಹೂಂ ಅಂದೆ?"

"ಒಂದು ಹುಳ ಚೆನ್ನಾಗಿ ಮೊಟ್ಟೆ ಇಟ್ಟಿತ್ತು."

"ಏನು?"

ಬಿಡಿಸಿ ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಕೆಟ್ಟದಾಗಿ ಕೇಳಿಸಿತು, ಹುಡುಗ ನಕ್ಕುಬಿಟ್ಟ. ಮಗಳು ಅವನ ತೊಡೆಗೆ ಗುದ್ದಿದಳು.

"ಅತ್ತೆ, ಅಂದ್ರೆ ನಮ್ಮ ಮದುವೆ ಗೊತ್ತು ಮಾಡಿದ್ದು ಲಾಡಿಹುಳನಾ?" ಎಂದವನು, ನಗು ನಿಂತ ಮೇಲೆ ಮೆಲ್ಲಗೆ, "ಪರೀಕ್ಷೆ ಮಾಡಿಸೋಣ. ಬಂದದ್ದು ಬರಲಿ" ಎಂದ.

"ಬಂದದ್ದು ಬರಲಿ ಅನ್ನೋಕೆ ನೀನ್ಯಾರೋ? ಹೆರೋಳು ನಾನು."

"ಸರಿ, ನೀನೇ ಹೇಳು."

"ಮಾಡಿಸೋಣ" ಎಂದಳು ಮಗಳು. ಆಮೇಲೆ ಅತ್ತಳು.

ಮನೆಯವರು ಟೀ ಲೋಟ ತಾವೇ ತೊಳೆದಿಟ್ಟು ಹೊರಗೆ ಹೋದರು. ಒಂಬತ್ತು ದಿನ ನನ್ನೊಡನೆ ಬೇಕಾದ್ದಕ್ಕಷ್ಟೇ ಬಾಯಿ ಬಿಟ್ಟರು. ಉಪ್ಪು. ಬೀಗದ ಕೈ. ಹೂಂ. ಇಪ್ಪತ್ತಾರು ವರ್ಷ ನಾನು ಕಾಪಾಡಿದ್ದು ಅವರನ್ನೋ ನನ್ನನ್ನೋ, ಪಾತ್ರೆ ಉಜ್ಜುತ್ತ ಕೇಳಿಕೊಂಡೆ. ಒಂದು ಪಾತ್ರೆಗೆ ಒಂದು ಉತ್ತರ ಬರುತ್ತಿತ್ತು.

ಹತ್ತನೇ ದಿನ ನಾಲ್ವರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕಾಗದದ ಮೇಲೆ ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ ಬರೆದು ಗೆರೆ ಎಳೆದು ನಮ್ಮ ಮನೆಯನ್ನೆಲ್ಲ ಚಿತ್ರ ಮಾಡಿದರು. ಗೆರೆಗಳು ಮೇಲೆ ಹೋಗಿ ಮತ್ತೆ ಕೂಡಿಕೊಳ್ಳುತ್ತಿದ್ದವು. "ನಿಮಗೆಷ್ಟು ಮಕ್ಕಳು?" ಎಂದರು. ಇಬ್ಬರು ಎಂದೆ. ಮಗಳ ಸೊನ್ನೆಯ ಪಕ್ಕ ಒಂದು ಪುಟ್ಟ ಚೌಕ ಬರೆದು ಅಡ್ಡಗೀಟು ಹಾಕಿದರು. ಆ ಗೀಟನ್ನು ನೋಡಲಾಗಲಿಲ್ಲ.

ನಾಲ್ವರದೂ ರಕ್ತ ತೆಗೆದರು. ಉತ್ತರಕ್ಕೆ ಒಂದು ತಿಂಗಳು. ತೊಂದರೆ ಇಲ್ಲ ಎಂದು ಬರಬಹುದು, ಇದೆ ಎಂದು ಬರಬಹುದು, ಹೇಳಲಾಗದು ಎಂದೂ ಬರಬಹುದಂತೆ. ಹಳೆಯ ಮಗುವಿನದು ಏನೂ ಉಳಿದಿಲ್ಲವಾದ್ದರಿಂದ ಹುಡುಕುವುದು ಕಷ್ಟವಂತೆ.

"ಇಷ್ಟೆಲ್ಲ ಮಾಡಿ ಗೊತ್ತಿಲ್ಲ ಅಂತ ಬಂದ್ರೆ?" ಎಂದು ಮಗಳನ್ನು ಕೇಳಿದೆ.

"ಬಂದ್ರೆ ನಾವಿಬ್ಬರು ಕೂತು ಯೋಚನೆ ಮಾಡ್ತೀವಿ. ನಿನ್ನ ಹೂಂ ಬೇಡ, ಊಹೂಂ ಬೇಡ. ನೀನು ಹೇಳಬೇಕಾದ್ದು ಹೇಳಿಯಾಯ್ತಲ್ಲ" ಎಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಮೊಣಕೈಗೆ ಹತ್ತಿ ಒತ್ತಿಕೊಂಡು ಇಬ್ಬರೂ ಮುಂದೆ ಹೋದರು. ಸೂಜಿ ನೋಡಿ ಕಣ್ಣು ಮುಚ್ಚಿದ್ದು ಯಾರು ಎಂದು ಜಗಳ ಶುರುವಾಯಿತು.

ಮನೆಯವರು ಮೆಟ್ಟಿಲ ಮೇಲೆ ನಿಂತರು. "ನಮ್ಮ ಕೂಸಿನ ಕಣ್ಣು ಯಾರ ಥರ ಇತ್ತು?" ಎಂದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. "ಎಷ್ಟು ಯೋಚನೆ ಮಾಡಿದ್ರೂ ನನಗೆ ನೆನಪಿಗೇ ಬರ್ತಿಲ್ಲ ಕಣೆ."

"ನಿಮ್ಮಮ್ಮನ ಥರ" ಎಂದೆ.

"ಅಮ್ಮನ ಕಣ್ಣಾ?" ಒಂದು ಮೆಟ್ಟಿಲು ಇಳಿದು, ತಿರುಗಿ ನೋಡಿದರು. "ಅಮ್ಮನ ಕಣ್ಣು ಅಂದ್ರೆ ನಿಮ್ಮಪ್ಪಂದೂ ಅದೇ ಅಲ್ವಾ? ಅಣ್ಣ ತಂಗಿ ಇಬ್ಬರದೂ ಒಂದೇ ಅಚ್ಚು."

"ಹೌದು."

"ಹಾಗಾದ್ರೆ ನಿನ್ನ ಕಡೆಯಿಂದ ಬಂದದ್ದೋ, ನನ್ನ ಕಡೆಯಿಂದಲೋ?"

ಗೊತ್ತಿಲ್ಲ ಎಂದೆ. ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಇಬ್ಬರೂ ಮಕ್ಕಳ ಹಿಂದೆ ಮೆಟ್ಟಿಲಿಳಿದೆವು.